ಪೆಡ್ರಿ 73 ಮ್ಯಾಚು, ನಮ್ಮ ಆಫೀಸ್ ಟೀಮಿನ ತೊಡೆಗಳು: ಆಟ ಜಾಸ್ತಿ ಆದ್ರೇನಾ ಸ್ನಾಯು ಹರಿಯೋದು?

ರೈಟ್‌ವಿಂಗ್_ರಾಜಾಜಿನಗರ
ಫುಟ್‌ಬಾಲ್ ಆಡೋರು, ಫಿಸಿಯೋಗಳು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಕಾರ್ಪೊರೇಟ್ ಟೂರ್ನಮೆಂಟ್ ಇನ್ನೂ ಶುರುನೇ ಆಗಿಲ್ಲ, ನಮ್ಮ ಟೀಮಲ್ಲಿ ಆಗ್ಲೇ ಮೂರ್ ಜನ ತೊಡೆ ಹಿಂದೆ ಹಿಡ್ಕೊಂಡು ಕೂತಿದಾರೆ. ಪ್ರಾಕ್ಟೀಸ್ ಜಾಸ್ತಿ ಆಯ್ತು ಅದಕ್ಕೇ ಅಂತ ಒಂದ್ ಗುಂಪು, ಪ್ರಾಕ್ಟೀಸೇ ಮಾಡಲ್ಲ ಅದಕ್ಕೇ ಅಂತ ಇನ್ನೊಂದ್ ಗುಂಪು, ವಾಟ್ಸಾಪ್ ಗ್ರೂಪಲ್ಲಿ ದಿನಾ ಇದೇ ಜಗಳ. ಮೊದಲನೇ ಗುಂಪಿನವರು ಯಾವಾಗ್ಲೂ ಸ್ಪೇನಿನ ಮಿಡ್‌ಫೀಲ್ಡರ್ ಪೆಡ್ರಿ ಹೆಸರು ಎತ್ತುತಾರೆ. 2020-21ರಲ್ಲಿ ಕ್ಲಬ್ಬು, ದೇಶ ಎಲ್ಲಾ ಸೇರಿ 73 ಮ್ಯಾಚ್ ಆಡ್ದ, ಆಗ ಅವನಿಗೆ 18 ವರ್ಷ. ತನ್ನ ಕ್ಲಬ್ ಬಾರ್ಸಾ (ಬಾರ್ಸಿಲೋನಾ) ಸೀಸನ್ ಮುಗಿಸಿ ದೇಶಕ್ಕೆ ಯೂರೋ ಕಪ್, ಅಲ್ಲಿ ಜುಲೈ 6ಕ್ಕೆ ಇಟಲಿ ಮೇಲೆ ಸೆಮಿಫೈನಲ್ ಸೋತು, ಅದೇ ತಿಂಗಳ 22ಕ್ಕೆ ಜಪಾನಲ್ಲಿ ಒಲಿಂಪಿಕ್ಸ್ ಮೊದಲ ಮ್ಯಾಚು, ಆಗಸ್ಟ್ 7ಕ್ಕೆ ಫೈನಲ್ಲು. ಸೆಪ್ಟೆಂಬರಲ್ಲಿ ಬಾಯರ್ನ್ ಮೇಲೆ ಆಡುವಾಗ ಎಡ ತೊಡೆ ಹೋಯ್ತು, ಅದೇ ತಿಂಗಳ ಕೊನೇಲಿ ವಾಪಸ್ ಬಂದು ಬೆನ್ಫಿಕಾ ಮೇಲೆ ಆಡಿದ, ಮತ್ತೆ ಅದೇ ತೊಡೆ, ಆಮೇಲೆ ಜನವರಿವರೆಗೂ ಆಳೇ ಇಲ್ಲ. ಏಪ್ರಿಲಲ್ಲಿ ಫ್ರಾಂಕ್‌ಫರ್ಟ್ ಮೇಲೆ ಹ್ಯಾಮ್‌ಸ್ಟ್ರಿಂಗ್, ಅಂದ್ರೆ ತೊಡೆ ಹಿಂಭಾಗದ ಸ್ನಾಯು, ಹರ್ಕೊಂಡು ಸೀಸನ್ನೇ ಮುಗೀತು.
ಇದು ಬರೀ ಲೋಡ್, ಅಂದ್ರೆ ಮೈ ಮೇಲೆ ಬೀಳೋ ಆಟದ ಹೊರೆ, ಅದರ ಕಥೆನಾ? ನಮ್ಮಂಥ ವಾರಕ್ಕೊಂದ್ ಸಲ ಟರ್ಫ್ ಬುಕ್ ಮಾಡೋರಿಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಕುಡ್ಲದ_ಗೋಲಿ
ಪೆಡ್ರಿಗೆ 73 ಮ್ಯಾಚ್ ಆಡಿ ಆದದ್ದು, ನಿಮ್ಮವರಿಗೆ 73 ಪ್ಲೇಟ್ ಬಿರಿಯಾನಿ ತಿಂದು ಆದದ್ದು ಮಾರಾಯ್ರೆ 😂

ಫಿಸಿಯೋ_ಮೈಸೂರು
ಗೋಲಿ ಅವ್ರೇ ನಗಿಸ್ಬೇಡಿ, ಪ್ರಶ್ನೆ ಚೆನ್ನಾಗಿದೆ.

ಮೊದ್ಲು ಗಾಯ ಎಷ್ಟಾಗುತ್ತೆ ಅಂತ ನೋಡೋಣ. ಸ್ವೀಡನ್ನಿನ ಡಾಕ್ಟರ್ ಯಾನ್ ಎಕ್‌ಸ್ಟ್ರಾಂಡ್ ಮತ್ತೆ ಅವ್ರ ಟೀಮು 2001ರಿಂದ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯೂಎಫಾ ಜೊತೆ ಸೇರಿ ಅಲ್ಲಿನ ದೊಡ್ಡ ಕ್ಲಬ್ಬುಗಳ ಗಾಯದ ಲೆಕ್ಕ ಇಡ್ತಾ ಬಂದಿದಾರೆ. ಮೊದಲ ಎಂಟು ಸೀಸನ್ನಿನ ಲೆಕ್ಕ 2011ರಲ್ಲಿ ಪ್ರಕಟ ಆಯ್ತು, 51 ಟೀಮು, 2299 ಆಟಗಾರರು, 2908 ಸ್ನಾಯು ಗಾಯ. ಒಟ್ಟು ಗಾಯದಲ್ಲಿ ಶೇ. 31 ಸ್ನಾಯುವಿಂದೇ. ಅದರಲ್ಲಿ ತೊಡೆ ಹಿಂಭಾಗ ಶೇ. 37, ತೊಡೆಸಂದು 23, ತೊಡೆ ಮುಂಭಾಗ 19, ಮೀನಖಂಡ 13. ಅಂದ್ರೆ ಇವೇ ನಾಲ್ಕು ಕಡೆ ಹೆಚ್ಚುಕಮ್ಮಿ ಎಲ್ಲಾ ಮುಗೀತು. 25 ಜನರ ಒಂದು ಟೀಮಿಗೆ ಸೀಸನ್ನಿಗೆ 15 ಸ್ನಾಯು ಗಾಯ ಗ್ಯಾರಂಟಿ ಅಂತ ಇಟ್ಕೊಳ್ಳಿ, ಒಂದೊಂದಕ್ಕೂ ಸುಮಾರು ಎರಡು ವಾರ ಹೊರಗೆ.

ಮ್ಯಾಚಲ್ಲಿ 1000 ಗಂಟೆಗೆ 8.7 ಸ್ನಾಯು ಗಾಯ, ಟ್ರೈನಿಂಗಲ್ಲಿ 1.37. ಈ 1000 ಗಂಟೆ ಅನ್ನೋದು ತಲೆಗೆ ಹೋಗಲ್ಲ ಅನ್ನೋರಿಗೆ: 11 ಜನ 90 ನಿಮಿಷ ಆಡಿದ್ರೆ ಹದಿನಾರೂವರೆ ಗಂಟೆ, ಸೋ ಸುಮಾರು 60 ಮ್ಯಾಚು. ಏಳು ಮ್ಯಾಚಿಗೆ ಒಬ್ಬ ಸ್ನಾಯು ಹಿಡ್ಕೊಂಡು ಕೂರ್ತಾನೆ ಅಂತಾಯ್ತು. ಟ್ರೈನಿಂಗಿಗಿಂತ ಆರು ಪಟ್ಟು ಜಾಸ್ತಿ. ಇದನ್ನ ನೋಡಿ "ಟ್ರೈನಿಂಗ್ ಸೇಫ್" ಅಂತ ಖುಷಿ ಪಡಬೇಡಿ, ಮ್ಯಾಚಲ್ಲಿ ಹರಿಯೋ ಸ್ನಾಯು ಟ್ರೈನಿಂಗಲ್ಲಿ ರೆಡಿ ಆಗಿತ್ತಾ ಇಲ್ವಾ ಅನ್ನೋದೇ ನಿಮ್ಮ ಪ್ರಶ್ನೆಗೆ ಉತ್ತರ.

ಪೆಡ್ರಿದು ಬರೀ ಲೋಡ್ ಕಥೆ ಅಲ್ಲ ಅಂತ ನನ್ನ ಅಭಿಪ್ರಾಯ. ಸೆಪ್ಟೆಂಬರ್ ಕೊನೇದು ನೋಡಿ, ಅದು ಮರುಗಾಯ. ಇದೇ ಲೆಕ್ಕದಲ್ಲಿ ಸ್ನಾಯು ಗಾಯಗಳಲ್ಲಿ ಶೇ. 16 ಮರುಗಾಯಗಳೇ, ಮತ್ತೆ ಮೊದಲನೇದಕ್ಕಿಂತ ಜಾಸ್ತಿ ದಿನ ಹೊರಗೆ ಕೂರಿಸ್ತವೆ.

ಧಾರವಾಡ_ಡಿಫೆಂಡರ್
ಅಲ್ರೀ ಇಷ್ಟೆಲ್ಲಾ ಲೆಕ್ಕಾ ಯಾಕ್ ಬೇಕ್ರಿ. ಹಿಂದಕ ನಮ್ ಕಾಕಾಗೋಳು ಸಂಜೀಕ ದಿನಾ ಆಡ್ತಿದ್ರು, ರವಿವಾರ ಬ್ಯಾರೆ ಊರಿಗ್ ಹೋಗಿ ಎರಡೆರಡ ಮ್ಯಾಚ್ ಆಡಿ ಬರ್ತಿದ್ರು, ಅವಾಗ ಈ ಹ್ಯಾಮ್‌ಸ್ಟ್ರಿಂಗು ಅನ್ನೂದ ಯಾರೂ ಕೇಳಿರಲಿಲ್ಲ. ಈಗಿನ ಹುಡುಗ್ರು ನಾಜೂಕ ಆಗ್ಯಾರ, ಇಷ್ಟ ವಿಷಯ.

ಜಿಪಿಎಸ್_ಜಾಕೆಟ್
ಧಾರವಾಡ ಸರ್, ನಿಮ್ಮ ಕಾಕಾಗಳು ದಿನಾ ಆಡ್ತಿದ್ರು ಅಂದ್ರಲ್ಲ, ಅದೇ ಉತ್ತರ. ದಿನಾ ಆಡೋನ ಸ್ನಾಯುಗೆ ರವಿವಾರ ಎರಡು ಮ್ಯಾಚು ಹೊಸ ವಿಷಯ ಅಲ್ಲ, ಸೋಮವಾರದಿಂದ ಶನಿವಾರದವರೆಗೂ ಕುರ್ಚಿ ಮೇಲೆ ಕೂತು ರವಿವಾರ ಎರಡು ಮ್ಯಾಚ್ ಆಡೋನಿಗೆ ಅದು ದೊಡ್ಡ ಶಾಕ್.

ಆದ್ರೆ ನಾಜೂಕು ಅನ್ನೋದನ್ನ ಒಪ್ಪಲ್ಲ. ಆಟನೇ ಬದಲಾಗಿದೆ. ಪ್ರೀಮಿಯರ್ ಲೀಗಲ್ಲಿ 2006-07ರಿಂದ 2012-13ರ ನಡುವೆ ಅಳೆದು ನೋಡಿದಾರೆ, ಒಟ್ಟು ಓಡೋ ದೂರ ಶೇ. 2ರಷ್ಟು ಮಾತ್ರ ಏರಿದೆ, ಜೋರಾಗಿ ಓಡೋ ದೂರ ಸುಮಾರು ಶೇ. 30, ಸ್ಪ್ರಿಂಟ್ ಶೇ. 35. ಹತ್ತು-ಹನ್ನೊಂದು ಕಿಲೋಮೀಟರ್ ಓಡೋದು ಹಾಗೇ ಇದೆ, ಅದ್ರೊಳಗೆ ಬೆಂಕಿ ಬಿದ್ದಂಗೆ ಓಡೋದು ಜಾಸ್ತಿ ಆಗಿದೆ. ಹ್ಯಾಮ್‌ಸ್ಟ್ರಿಂಗ್ ಹರಿಯೋದು ಜಾಗಿಂಗಲ್ಲಿ ಅಲ್ಲ ಸ್ವಾಮಿ. ಯೂಎಫಾ ಲೆಕ್ಕದಲ್ಲೇ 2001-02ರಲ್ಲಿ ಒಟ್ಟು ಗಾಯದಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ಶೇ. 12 ಇತ್ತು, 2021-22ಕ್ಕೆ ಶೇ. 24 ಆಗಿದೆ. ಡಬಲ್.

ಧಾರವಾಡ_ಡಿಫೆಂಡರ್
ಹಂಗಾರ ಕುರ್ಚಿದ ತಪ್ಪ ಅನ್ರಿ, ಒಪ್ಪಿದೆ.

ಯು15_ಕೋಚ್
ಹತ್ತಾರು ಮಕ್ಕಳಿಗೆ ಕಲಿಸ್ತೀನಿ, ಆದ್ರೆ ಓಟ ಅಳೆಯೋ ಜಿಪಿಎಸ್ ಎಲ್ಲಾ ನಮ್ಮ ಬಜೆಟ್ಟಲ್ಲಿ ಇಲ್ಲ. ಲೋಡ್ ಲೋಡ್ ಅಂತೀರಲ್ಲ, ಅದನ್ನ ಅಳೆಯೋದು ಹೆಂಗೆ ಹೇಳಿ ಮೊದ್ಲು.

ಜಿಪಿಎಸ್_ಜಾಕೆಟ್
ಕೋಚ್ ಸರ್, ಕಾಸೇ ಖರ್ಚಿಲ್ಲದ ದಾರಿ ಇದೆ. ಸೆಷನ್ ಮುಗಿದು ಅರ್ಧ ಗಂಟೆ ಆದ್ಮೇಲೆ ಹುಡುಗನ್ನ ಕೇಳಿ, "ಇವತ್ತು ಎಷ್ಟು ಕಷ್ಟ ಆಯ್ತು, ಸೊನ್ನೆಯಿಂದ ಹತ್ತರಲ್ಲಿ ಹೇಳು" ಅಂತ. ಅವನು 7 ಅಂದ್ರೆ, ಸೆಷನ್ 60 ನಿಮಿಷ ಇದ್ರೆ, 420. ಅಷ್ಟೇ. ಮ್ಯಾಚ್ 90 ನಿಮಿಷ, 8 ಅಂದ್ರೆ 720. ಪ್ರೊಫೆಷನಲ್ ಕ್ಲಬ್ಬುಗಳೂ ಜಿಪಿಎಸ್ ಜೊತೆಗೆ ಇದನ್ನೂ ಬರ್ಕೋತಾರೆ. ಒಬ್ಬೊಬ್ಬನ್ನೇ ಪಕ್ಕಕ್ಕೆ ಕರೆದು ಕೇಳಿ, ಎಲ್ರೂ ಇರುವಾಗ ಕೇಳಿದ್ರೆ ಮೊದಲನೇ ಹುಡುಗ 5 ಅಂದ ಅಂತ ಎಲ್ಲಾರೂ 5 ಅಂತಾರೆ, ಯಾರಿಗೂ ಸುಸ್ತಾದೆ ಅನ್ನಿಸ್ಕೊಳ್ಳೋಕೆ ಇಷ್ಟ ಇರಲ್ಲ.

ಆಮೇಲೆ ಆ ವಾರದ ಒಟ್ಟು ಹಾಕಿ, ಅದ್ರ ಹಿಂದಿನ ನಾಲ್ಕು ವಾರದ ಸರಾಸರಿಗೆ ಹೋಲಿಸಿ. ಹಿಂದೆ ವಾರಕ್ಕೆ 1200ರ ಹತ್ರ ಇದ್ದೋನು ಈ ವಾರ 2100 ಮಾಡಿದಾನೆ ಅಂದ್ರೆ 1.75 ಪಟ್ಟು. ಆಸ್ಟ್ರೇಲಿಯಾದ ಸಂಶೋಧಕ ಟಿಮ್ ಗ್ಯಾಬೆಟ್ 2016ರಲ್ಲಿ ಇದನ್ನ ಫೇಮಸ್ ಮಾಡಿದ್ದು, 0.8ರಿಂದ 1.3 ಆದ್ರೆ ಆರಾಮ್, 1.5 ದಾಟಿದ್ರೆ ಡೇಂಜರ್ ಅಂತ. ಅವನ ಮುಖ್ಯ ಮಾತು ಇನ್ನೂ ಮಜಾ ಇದೆ. ತುಂಬಾ ಟ್ರೈನಿಂಗ್ ಮಾಡಿದ್ರೆ ಗಾಯ ಆಗುತ್ತೆ ಅನ್ನೋದು ಅರ್ಧ ಸತ್ಯ, ನಿಧಾನಕ್ಕೆ ಏರಿಸ್ಕೊಂಡು ಬಂದ ಜಾಸ್ತಿ ಲೋಡು ಆಟಗಾರನ್ನ ಕಾಪಾಡುತ್ತೆ, ದಿಢೀರ್ ಅಂತ ಏರಿದ್ದೇ ಕೆಡಿಸೋದು.

ಫಿಸಿಯೋ_ಮೈಸೂರು
ಜಾಕೆಟ್ ಅವ್ರೇ, ಇಲ್ಲಿ ನಂದು ತಕರಾರಿದೆ. ಆ 0.8, 1.3, 1.5 ಅನ್ನೋ ನಂಬರುಗಳು ದೇವಸ್ಥಾನದ ಗಂಟೆ ತರ ಎಲ್ಲಾ ಕಡೆ ನೇತಾಡ್ತಿವೆ, ಬಂದವರೆಲ್ಲಾ ಬಾರಿಸ್ತಾರೆ. ಇಂಪೆಲ್ಲಿಜ್ಜೆರಿ ಅನ್ನೋ ಸಂಶೋಧಕರು ಮತ್ತೆ ಜೊತೆಗಾರರು 2020ರ ಸುಮಾರಿಗೆ ಸರಿಯಾಗಿ ಹಿಡಿದು ಕೇಳಿದ್ರು. ಒಂದು, ಈ ವಾರದ ಲೋಡನ್ನೇ ಸರಾಸರಿ ಒಳಗೂ ಸೇರಿಸಿ ಭಾಗಿಸಿದ್ರೆ ಲೆಕ್ಕಾನೇ ವಕ್ರ ಆಗುತ್ತೆ. ಇನ್ನೊಂದು, ಗಾಯ ಆದೋರಲ್ಲಿ ಈ ಅನುಪಾತ ಜಾಸ್ತಿ ಇತ್ತು ಅಂದಾಕ್ಷಣ ಅನುಪಾತ ಇಳಿಸಿದ್ರೆ ಗಾಯ ಕಮ್ಮಿ ಆಗುತ್ತೆ ಅಂತ ಅಲ್ಲ. ಎರಡು ತಿಂಗಳು ಮಲಗಿದ್ದೋನು ಒಂದು ವಾಕಿಂಗ್ ಹೋದ್ರೂ ಅನುಪಾತ ಆಕಾಶಕ್ಕೆ ಹೋಗುತ್ತೆ, ಅವನಿಗೆ ಏನೂ ಆಗಲ್ಲ.

ಜಿಪಿಎಸ್_ಜಾಕೆಟ್
ನೀವು ನನ್ನ ಉದಾಹರಣೆ ಸರಿಯಾಗಿ ಓದಿಲ್ಲ ಅನ್ಸುತ್ತೆ, ನಾನು ಈ ವಾರ ಬಿಟ್ಟು ಹಿಂದಿನ ನಾಲ್ಕು ವಾರ ಅಂತಾನೇ ಬರೆದಿರೋದು 🙂 ಮತ್ತೆ ನಂಬರು ಜ್ಯೋತಿಷ್ಯ ಅಲ್ಲ, ಒಪ್ಪಿದೆ. ಆದ್ರೆ ದಿಢೀರ್ ಏರಿಕೆ ಕೆಟ್ಟದ್ದು ಅನ್ನೋದನ್ನ ನೀವೂ ಕ್ಲಿನಿಕ್ಕಲ್ಲಿ ದಿನಾ ನೋಡ್ತೀರಲ್ವಾ?

ಫಿಸಿಯೋ_ಮೈಸೂರು
ದಿನಾ ಅಲ್ಲ, ಸೋಮವಾರ 😀 ಸೋಮವಾರ ಬೆಳಗ್ಗೆ ಬರೋರೆಲ್ಲಾ ಅದೇ ಕೇಸು. "ಸರ್ ನರ ಹಿಡ್ಕೊಂಡಿದೆ" ಅಂತ ಬರ್ತಾರೆ, ತೊಡೆ ಹಿಂದೆ ಬೆರಳಿಟ್ಟು ಒತ್ತಿದ್ರೆ ಒಂದು ಜಾಗದಲ್ಲಿ ಕಿರುಚ್ತಾರೆ, ಬೋರಲು ಮಲಗಿಸಿ ಹಿಮ್ಮಡಿ ಮೇಲೆ ಕೈ ಇಟ್ಟು ಮಂಡಿ ಮಡಿಸು ಅಂದ್ರೆ ಬಲಾನೇ ಇರಲ್ಲ. ಅರ್ಧ ಜನ ಭಾನುವಾರ ರಾತ್ರಿನೇ ಯಾರ ಹತ್ರಾನೋ ಎಣ್ಣೆ ಹಾಕಿಸಿ ಗಟ್ಟಿಯಾಗಿ ತಿಕ್ಕಿಸ್ಕೊಂಡು ಬಂದಿರ್ತಾರೆ, ಒಳಗೆ ರಕ್ತ ಹೆಪ್ಪುಗಟ್ಟಿರೋ ಜಾಗನ. ದಯವಿಟ್ಟು ಮೊದಲ ಎರಡು-ಮೂರು ದಿನ ತಿಕ್ಕಿಸಬೇಡಿ. ಲೋಡ್ ಬಗ್ಗೆ ಏನೂ ನೆನಪಿಲ್ದೇ ಇದ್ರೂ ಇದೊಂದು ನೆನಪಿಟ್ಕೊಳ್ಳಿ.

ಮಿಡ್‌ಫೀಲ್ಡ್_ಅಕ್ಕ
ಎಲ್ರೂ ವಾರದ ಲೆಕ್ಕ ಹೇಳ್ತಿದೀರಾ, ಎರಡು ಮ್ಯಾಚ್ ನಡುವಿನ ಗ್ಯಾಪ್ ಬಗ್ಗೆ ಯಾರೂ ಮಾತಾಡಿಲ್ಲ. ಆಡಿದ ಮಾರನೇ ದಿನಕ್ಕಿಂತ ಅದರಾಚೆ ದಿನ ಕಾಲು ಜಾಸ್ತಿ ಭಾರ ಇರುತ್ತೆ, ಇದು ಯಾಕೆ?

ಫಿಸಿಯೋ_ಮೈಸೂರು
ಅಕ್ಕ, ಸರಿಯಾದ ಜಾಗಕ್ಕೆ ಬಂದ್ರಿ. ಮ್ಯಾಚಲ್ಲಿ ಬ್ರೇಕ್ ಹಾಕೋದು, ತಿರುಗೋದು, ಸ್ಪ್ರಿಂಟ್ ಇವೆಲ್ಲಾ ಸ್ನಾಯು ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಕೊಡ್ತವೆ, ಅದರ ನೋವು, ಊತ ಒಂದೆರಡು ದಿನ ಆದ್ಮೇಲೆ ಜೋರಾಗಿ ಗೊತ್ತಾಗೋದು. ಸ್ನಾಯು ಒಳಗಿನ ಗ್ಲೈಕೋಜನ್ ಅಂದ್ರೆ ಇಂಧನ ವಾಪಸ್ ತುಂಬೋಕೆ ಎರಡು ಮೂರು ದಿನ ಬೇಕು.

ಗ್ಯಾಪ್ ಬಗ್ಗೆ ಎರಡು ಸ್ಟಡಿ ಎಲ್ರೂ ಹೇಳೋದು. ದ್ಯುಪಾಂ ಅನ್ನೋರು 2010ರಲ್ಲಿ ಒಂದೇ ಕ್ಲಬ್ಬಿನ 32 ಆಟಗಾರರನ್ನ ನೋಡಿ, ವಾರಕ್ಕೆ ಒಂದು ಮ್ಯಾಚ್ ಆಡುವಾಗ 1000 ಗಂಟೆಗೆ 4.1 ಗಾಯ, ಎರಡು ಆಡುವಾಗ 25.6 ಅಂದ್ರು. ಮಜಾ ಏನಂದ್ರೆ ಓಡೋ ದೂರ, ಸ್ಪ್ರಿಂಟ್ ಎರಡರಲ್ಲೂ ಹಾಗೇ ಇತ್ತು. ಅಂದ್ರೆ ಮೂರು ನಾಲ್ಕು ದಿನದಲ್ಲಿ ಕಾಲು ಓಡೋಕೆ ರೆಡಿ, ಗಾಯ ತಡೆಯೋಕೆ ರೆಡಿ ಇಲ್ಲ. ಕೋಚ್‌ಗಳು ಮೋಸ ಹೋಗೋದು ಇಲ್ಲೇ, "ನೋಡ್ರೀ ಎಷ್ಟು ಚೆನ್ನಾಗಿ ಓಡ್ತಿದಾನೆ" ಅಂತ. ಆದ್ರೆ ಅದು ಒಂದೇ ಕ್ಲಬ್ಬು, ಆ ಆರು ಪಟ್ಟನ್ನ ಎಲ್ಲಾ ಕಡೆ ಹಚ್ಬೇಡಿ. ದೊಡ್ಡ ಲೆಕ್ಕ ಬೆಂಗ್ಟ್‌ಸನ್ ಅವ್ರದ್ದು, 14 ವರ್ಷ, ಒಬ್ಬೊಬ್ಬ ಆಟಗಾರನದ್ದೂ ಸೇರಿ 1,30,000ಕ್ಕೂ ಹೆಚ್ಚು ಮ್ಯಾಚ್ ದಾಖಲೆ, 2018ರಲ್ಲಿ ಬಂತು. ಮೂರು ದಿನ ಅಥವಾ ಕಮ್ಮಿ ಗ್ಯಾಪಿಗೆ ಹೋಲಿಸಿದ್ರೆ ಆರು ದಿನ ಅಥವಾ ಜಾಸ್ತಿ ಇದ್ದಾಗ ಸ್ನಾಯು ಗಾಯ ಶೇ. 21 ಕಮ್ಮಿ. ಇದು ನಂಬೋ ಥರದ ನಂಬರು, ಚಿಕ್ಕದಾಗಿ ಕಾಣುತ್ತೆ ಅಷ್ಟೇ.

ಕುಡ್ಲದ_ಗೋಲಿ
ಹಾಗಾದ್ರೆ ಚಾಂಪಿಯನ್ಸ್ ಲೀಗ್ ಮ್ಯಾಚ್ ಜಾಸ್ತಿ ಮಾಡಿದ್ದು, ಕ್ಲಬ್ ವರ್ಲ್ಡ್ ಕಪ್ಪಿಗೆ 32 ಟೀಮು ಹಾಕಿದ್ದು ಎಲ್ಲ ಎಂತಕ್ಕೆ? ದುಡ್ಡಿಗೇ ಅಲ್ವಾ. ಮ್ಯಾಂಚೆಸ್ಟರ್ ಸಿಟಿಯ ರೊಡ್ರಿ ಪಾಪ 2024ರ ಸೆಪ್ಟೆಂಬರಲ್ಲಿ ಆಟಗಾರರು ಸ್ಟ್ರೈಕ್ ಮಾಡುವ ಹತ್ತಿರ ಬಂದಿದ್ದಾರೆ ಅಂತ ಹೇಳಿದ, ಒಂದು ವಾರ ಆಗ್ಲಿಲ್ಲ, ಆರ್ಸೆನಲ್ ಮೇಲೆ ಮೊಣಕಾಲು ಹೋಯ್ತು. ಇನ್ನೆಂತ ಪ್ರೂಫ್ ಬೇಕು?

ಜಿಪಿಎಸ್_ಜಾಕೆಟ್
ಗೋಲಿ ಭಾಯ್, ದುಡ್ಡಿನ ವಿಷಯ ನೂರಕ್ಕೆ ನೂರು. ಆದ್ರೆ ರೊಡ್ರಿದು ಎಸಿಎಲ್, ಮಂಡಿ ಒಳಗಿನ ಕಟ್ಟು, ಸ್ನಾಯು ಅಲ್ಲ. ಸುಸ್ತಿಗೂ ಅದಕ್ಕೂ ಸಂಬಂಧ ಸ್ನಾಯುವಿನಷ್ಟು ನೇರ ಇಲ್ಲ. ಒಬ್ಬನಿಗೆ ಆಗಿದ್ದನ್ನ ಪ್ರೂಫ್ ಅಂದ್ರೆ ಪೆಡ್ರಿನೇ ಉಲ್ಟಾ ಪ್ರೂಫ್ ಕೊಡ್ತಾನೆ, 2024-25ರಲ್ಲಿ ಬಾರ್ಸಾ ಕೋಚ್ ಫ್ಲಿಕ್ ಕೈಕೆಳಗೆ ಐವತ್ತಕ್ಕೂ ಜಾಸ್ತಿ ಮ್ಯಾಚ್ ಆಡ್ದ, ಎದುರಾಳಿ ಮೇಲೆ ಮುಗಿಬಿದ್ದು ಪ್ರೆಸ್ ಮಾಡ್ಕೊಂಡು, ಸೀಸನ್ ಪೂರ್ತಿ ಗಟ್ಟಿಯಾಗಿದ್ದ. ಅದೇ ಹುಡುಗ, ಅದೇ ತೊಡೆ.

ರೈಟ್‌ವಿಂಗ್_ರಾಜಾಜಿನಗರ
ಇದು ನಂಗೆ ಗೊತ್ತಿತ್ತು ಆದ್ರೆ ಜೋಡಿಸಿ ನೋಡಿರಲಿಲ್ಲ. ಹಂಗಾದ್ರೆ 2021ರಲ್ಲಿ ಏನು ಬೇರೆ ಇತ್ತು?

ಡಾರ್ಟ್‌ಮುಂಡ್_ಕನ್ನಡಿಗ
ನನ್ನ ಗೆಸ್ ಹೇಳ್ತೀನಿ. ರಜೆ ಇರ್ಲಿಲ್ಲ, ಅದಕ್ಕಿಂತ ಮುಖ್ಯ, ಪ್ರೀಸೀಸನ್ ಇರ್ಲಿಲ್ಲ. ಪ್ರೀಸೀಸನ್ ಅಂದ್ರೆ ಸೀಸನ್ ಶುರುವಾಗೋ ಮುಂಚೆ ಜಿಮ್ಮಲ್ಲಿ ಬಲ ಕಟ್ಟೋ ಟೈಮು, ಮ್ಯಾಚ್ ಮೇಲೆ ಮ್ಯಾಚ್ ಇದ್ದಾಗ ಯಾವ ಕೋಚೂ ಕಾಲಿಗೆ ಭಾರ ಎತ್ತಿಸಲ್ಲ, ಬರೀ ರಿಕವರಿ, ಮ್ಯಾಚು, ರಿಕವರಿ, ಮ್ಯಾಚು. ಆರು ತಿಂಗಳು ಹಿಂಗೇ ಹೋದ್ರೆ ಹ್ಯಾಮ್‌ಸ್ಟ್ರಿಂಗ್ ಬಲ ಎಲ್ಲಿಂದ ಬರ್ಬೇಕು.

ಇಲ್ಲಿ ಜರ್ಮನಿಯಲ್ಲಿ ಚಳಿಗಾಲದ ಬ್ರೇಕ್ ಇದೆ. ಬ್ರೇಕ್ ಇಲ್ಲದ ಟೀಮುಗಳು ಇರೋ ಟೀಮುಗಳಿಗಿಂತ ಸೀಸನ್ನಿಗೆ ಸರಾಸರಿ 303 ದಿನ ಜಾಸ್ತಿ ಗಾಯಕ್ಕೆ ಕಳ್ಕೊಳ್ತವೆ ಅಂತ ಎಕ್‌ಸ್ಟ್ರಾಂಡ್ ಅವ್ರೇ ಲೆಕ್ಕ ಕೊಟ್ಟಿದಾರೆ, ಇಡೀ ಟೀಮಿಂದ ಸೇರಿ. ಇಂಗ್ಲೆಂಡಿನವರು 2019-20ರಲ್ಲಿ ಒಂದು ಸಣ್ಣ ಬ್ರೇಕ್ ಶುರು ಮಾಡಿ 2024-25ಕ್ಕೆ ಮತ್ತೆ ತೆಗೆದುಹಾಕಿದ್ರು, ಏನ್ ಹೇಳೋಣ.
ಆದ್ರೆ ಬ್ರೇಕ್ ಒಂದೇ ಔಷಧಿ ಅಲ್ಲ. ಕೊರೋನಾ ಲಾಕ್‌ಡೌನ್ ಆದ್ಮೇಲೆ ಇಲ್ಲಿನ ದೊಡ್ಡ ಲೀಗ್ ಬುಂಡೆಸ್‌ಲೀಗಾ 2020ರ ಮೇ 16ಕ್ಕೆ ವಾಪಸ್ ಶುರುವಾದಾಗ ಎಲ್ರಿಗೂ ಎರಡು ತಿಂಗಳ ರೆಸ್ಟ್ ಆಗಿತ್ತು, ಆದ್ರೂ ಗಾಯ ಏರ್ತು. ಮನೆ ಬಾಲ್ಕನಿಯಲ್ಲಿ ಸೈಕಲ್ ತುಳಿದೋರು ಒಂದೇ ಸಲ ಮ್ಯಾಚಿಗೆ ಇಳಿದ್ರು. ನಮ್ಮ ಸಂಡೇ ಲೀಗಲ್ಲೂ ಡಿಸೆಂಬರ್ ಜನವರಿ ಮಲಗಿ ಫೆಬ್ರವರಿಯಲ್ಲಿ ಮೊದಲ ಟ್ರೈನಿಂಗಲ್ಲೇ ಸ್ಪ್ರಿಂಟ್ ರೇಸ್ ಇಡ್ತಾರೆ, ಆ ಚಳೀಲಿ, ಮೂವತ್ತೈದು ದಾಟಿದೋರಿಗೆ.

ಮಿಡ್‌ಫೀಲ್ಡ್_ಅಕ್ಕ
ಇದರಲ್ಲಿ ಹೆಚ್ಚಿನ ಸ್ಟಡಿಗಳು ಗಂಡಸರದ್ದೇ ಅನ್ನೋದೂ ಒಂದ್ಸಲ ಹೇಳ್ಬಿಡಿ. ಹೆಂಗಸರ ಕ್ಲಬ್ಬುಗಳ ಲೆಕ್ಕ ಇತ್ತೀಚೆಗೆ ಬರ್ತಿದೆ, ಅಲ್ಲೂ ಹ್ಯಾಮ್‌ಸ್ಟ್ರಿಂಗೇ ಜಾಸ್ತಿ ಆಗೋದು, ಆದ್ರೆ ಜಾಸ್ತಿ ದಿನ ಕಸಿಯೋದು ಎಸಿಎಲ್. ನಮ್ಮ ಹುಡುಗೀರಿಗೆ ತಿಂಗಳುಗಟ್ಲೆ ಮ್ಯಾಚೇ ಇರಲ್ಲ, ಆಮೇಲೆ ಟೂರ್ನಮೆಂಟ್ ಅಂತ ಕರ್ಕೊಂಡೋಗಿ ದಿನ ಬಿಟ್ಟು ದಿನ ಆಡಿಸ್ತಾರೆ. ದಿಢೀರ್ ಏರಿಕೆ ಅಂತ ನೀವೆಲ್ಲಾ ಹೇಳ್ತಿರೋದು ನಮ್ಮಲ್ಲಿ ಶೆಡ್ಯೂಲಲ್ಲೇ ಪ್ರಿಂಟ್ ಆಗಿರುತ್ತೆ.

ಯು15_ಕೋಚ್
ಅಕ್ಕ ಹೇಳಿದ್ದು ಮಕ್ಕಳಿಗೂ ಅದೇ. ಚೆನ್ನಾಗಿ ಆಡೋ ಹುಡುಗ ಅಂದ್ರೆ ಸ್ಕೂಲ್ ಟೀಮಿಗೂ ಅವನೇ, ಅಕಾಡೆಮಿಗೂ ಅವನೇ, ಏರಿಯಾ ಕ್ಲಬ್ಬಿಗೂ ಅವನೇ, ಮೂರ್ ಜನ ಕೋಚ್, ಒಬ್ಬರಿಗೊಬ್ಬರು ಫೋನ್ ಕೂಡ ಮಾಡಲ್ಲ. ಬೆಂಚಲ್ಲಿ ಕೂತೋನು ಮಾತ್ರ ಫ್ರೆಶ್ಶಾಗಿರ್ತಾನೆ. ಅವನನ್ನ ಕೊನೇ ಮ್ಯಾಚಲ್ಲಿ ದಿಢೀರ್ ಇಳಿಸಿದ್ರೆ ಅವನಿಗೂ ಹಿಡ್ಕೊಳ್ಳುತ್ತೆ!

ಫಿಸಿಯೋ_ಮೈಸೂರು
ಕೋಚ್ ಸರ್, ಬೆಂಚ್ ಹುಡುಗರ ಮಾತು ತುಂಬಾ ಜನ ಮರೀತಾರೆ, ಅದಕ್ಕೇ ದೊಡ್ಡ ಕ್ಲಬ್ಬುಗಳಲ್ಲಿ ಮ್ಯಾಚ್ ಮುಗಿದ ಕೂಡ್ಲೇ ಆಡದೇ ಇದ್ದೋರನ್ನ ಅದೇ ಗ್ರೌಂಡಲ್ಲಿ ಓಡಿಸ್ತಾರೆ, ಟಿವಿ ಆಫ್ ಆದ್ಮೇಲೆ. ಇನ್ನು 13-15ರ ಮಕ್ಕಳಿಗೆ ಸ್ನಾಯುಗಿಂತ ಮೊದಲು ಸ್ನಾಯು ಮೂಳೆಗೆ ಅಂಟೋ ಜಾಗ ನೋಯುತ್ತೆ, ಮಂಡಿ ಕೆಳಗಿನ ಗುಬುಟು, ಹಿಮ್ಮಡಿ. ಬೆಳೆಯೋ ಮೂಳೆ ಅದು, ಅದನ್ನ "ಗ್ರೋಯಿಂಗ್ ಪೇನ್, ಓಡು" ಅನ್ಬೇಡಿ.

ಮೂರ್ ಜನ ಕೋಚ್ ಮಾತಾಡಲ್ಲ ಅಂದ್ರಲ್ಲ, ಅದಕ್ಕೂ ಸ್ಟಡಿ ಇದೆ. ಹೆಡ್ ಕೋಚು ಮತ್ತೆ ಮೆಡಿಕಲ್ ಟೀಮ್ ನಡುವೆ ಸಂಪರ್ಕ ಚೆನ್ನಾಗಿಲ್ಲದ ಕ್ಲಬ್ಬುಗಳಲ್ಲಿ ಗಾಯದ ಹೊರೆ ಜಾಸ್ತಿ. ಯೂರೋಪಿನ ದೊಡ್ಡ ಕ್ಲಬ್ಬುಗಳ ಕಥೆ ಇದು, ಕೋಟಿಗಟ್ಲೆ ದುಡ್ಡು ಇರೋ ಕಡೆ.

ರೈಟ್‌ವಿಂಗ್_ರಾಜಾಜಿನಗರ
ಸರಿ, ಪ್ರಾಕ್ಟಿಕಲ್ ಹೇಳಿ. ಟೂರ್ನಮೆಂಟಿಗೆ ಐದು ವಾರ ಇದೆ. ಬುಧವಾರ ರಾತ್ರಿ ಒಂದು ಗಂಟೆ ಟರ್ಫ್ ಸ್ಲಾಟ್ ಇದೆ, ಭಾನುವಾರ ಬೆಳಗ್ಗೆ ಎಲ್ಲಾರೂ ಸಿಗ್ತಾರೆ. ಟೂರ್ನಮೆಂಟ್ ದಿನ ಗೆದ್ರೆ ಒಂದೇ ದಿನ ಮೂರು ಮ್ಯಾಚು. ಏನ್ ಮಾಡೋದು?

ಜಿಪಿಎಸ್_ಜಾಕೆಟ್
ಐದು ವಾರ ಸಾಕಷ್ಟಾಯ್ತು. ಬುಧವಾರ ಆಟ ಹೇಗೂ ಇದೆ. ಭಾನುವಾರ ಮೊದಲ ವಾರ ಒಂದೇ ಆಟ, ಆಮೇಲೆ ವಾರವಾರ ಸ್ವಲ್ಪ ಉದ್ದ ಮಾಡ್ತಾ ಹೋಗಿ, ನಾಲ್ಕನೇ ಭಾನುವಾರ ಟೂರ್ನಮೆಂಟ್ ಥರಾನೇ ನಡುವೆ ಗ್ಯಾಪ್ ಕೊಟ್ಟು ಆಡಿ ನೋಡಿ. ಕೊನೇ ವಾರ ಅರ್ಧಕ್ಕೆ ಇಳಿಸಿ. ಮತ್ತೆ ಬಾಕ್ಸ್ ಟರ್ಫಲ್ಲಿ ಫುಲ್ ಸ್ಪೀಡ್ ಬರೋದೇ ಇಲ್ಲ, ನಾಲ್ಕು ಹೆಜ್ಜೆಗೆ ನೆಟ್ ಬರುತ್ತೆ. ದೊಡ್ಡ ಗ್ರೌಂಡಲ್ಲಿ ಟೂರ್ನಮೆಂಟ್ ಇದ್ರೆ ವಾರಕ್ಕೆ ಒಂದ್ಸಲನಾದ್ರೂ ಚೆನ್ನಾಗಿ ಬಿಸಿ ಆದ್ಮೇಲೆ ಮೂವತ್ತು-ನಲವತ್ತು ಮೀಟರ್ ಓಟ ನಾಲ್ಕೈದು ಹಾಕಿ, ಮೊದಲ ವಾರ ಮುಕ್ಕಾಲು ಸ್ಪೀಡು, ಹಂಗೇ ಏರಿಸಿ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲಲ್ಲಿ ನೋಡಿದಾರೆ, ತಮ್ಮ ಟಾಪ್ ಸ್ಪೀಡ್ ಹತ್ರಕ್ಕೆ ಆಗಾಗ ಹೋಗೋರಿಗೆ ಗಾಯ ಕಮ್ಮಿ, ಹೋಗದೇ ಇರೋರಿಗೆ ಜಾಸ್ತಿ. ತೀರಾ ಜಾಸ್ತಿ ಸಲ ಹೋದ್ರೂ ಕೆಡುತ್ತೆ.

ಫಿಸಿಯೋ_ಮೈಸೂರು
ಇದರ ಜೊತೆ ನಾರ್ಡಿಕ್ ಅನ್ನೋ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ. ಮಂಡಿಯೂರಿ ಕೂರಿ, ಕೆಳಗೆ ಮ್ಯಾಟ್ ಇರ್ಲಿ, ಫ್ರೆಂಡ್ ಹಿಂದೆ ಕೂತು ಹಿಮ್ಮಡಿ ಮೇಲ್ಭಾಗ ಗಟ್ಟಿಯಾಗಿ ಹಿಡೀಲಿ. ಮಂಡಿಯಿಂದ ಭುಜದವರೆಗೆ ನೆಟ್ಟಗೆ ಇಟ್ಕೊಂಡು ಮುಂದಕ್ಕೆ ಆದಷ್ಟು ನಿಧಾನಕ್ಕೆ ಬೀಳಿ, ಇನ್ನು ತಡೆಯೋಕಾಗಲ್ಲ ಅನ್ನೋವಾಗ ಕೈ ಊರಿ. ಸೊಂಟ ಮಡಿಸಿ ಮೋಸ ಮಾಡ್ಬೇಡಿ, ಎಲ್ರೂ ಮಾಡ್ತಾರೆ. ಮೊದಲ ವಾರ ಐದೈದು ಸಲ ಎರಡು ಸೆಟ್, ಒಂದೇ ದಿನ. ಆಮೇಲೆ ವಾರಕ್ಕೆ ಎರಡು ದಿನ. ಎಲ್ಲಾ ಟ್ರಯಲ್ ಒಟ್ಟು ಹಾಕಿ ನೋಡಿದಾಗ ಹ್ಯಾಮ್‌ಸ್ಟ್ರಿಂಗ್ ಗಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಆದ್ರೂ 2015ರಲ್ಲಿ ಪ್ರಕಟವಾದ ಸ್ಟಡಿಗೆ ಚಾಂಪಿಯನ್ಸ್ ಲೀಗ್ ಮತ್ತೆ ನಾರ್ವೆ ಲೀಗಿನ 50 ಟೀಮುಗಳಲ್ಲಿ ಕೇಳಿದ್ರೆ ಅದನ್ನ ಪೂರ್ತಿ ಮಾಡ್ತಿದ್ದೋರು ಹತ್ತರಲ್ಲಿ ಒಬ್ರು. ಯಾಕಂದ್ರೆ ಮಾಡಿದ ಮಾರನೇ ದಿನ ಕುರ್ಚಿ ಮೇಲೆ ಕೂರೋಕೂ ಆಗಲ್ಲ, ಅದಕ್ಕೇ ಮ್ಯಾಚ್ ಹಿಂದಿನ ದಿನ ಮಾಡ್ಬೇಡಿ, ಬುಧವಾರ ಆಟ ಮುಗಿದ ಮೇಲೆ ಮಾಡಿ.

ಈಗ ತೊಡೆ ಹಿಡ್ಕೊಂಡಿರೋ ಮೂರ್ ಜನ ಇದನ್ನ ಇಲ್ಲಿ ಓದಿ ಶುರು ಮಾಡೋದು ಬೇಡ, ಯಾರಿಗಾದ್ರೂ ತೋರಿಸ್ಲಿ.

ಧಾರವಾಡ_ಡಿಫೆಂಡರ್
ಮೂರ್ ಮ್ಯಾಚ್ ಇರೂ ದಿನಾ ಒಬ್ಬನ್ನ ಮೂರೂ ಆಡಸಬ್ಯಾಡ್ರಿ, ಇದನ್ನ ಯಾರೂ ಹೇಳಲಿಲ್ಲ ನೋಡ್ರಿ. ಹದಿನೈದ ಮಂದಿ ಕರ್ಕೊಂಡ ಹೋಗ್ರಿ.

ರೈಟ್‌ವಿಂಗ್_ರಾಜಾಜಿನಗರ
ಸರ್ ಹದಿನೈದು ಜನ ರಿಜಿಸ್ಟರ್ ಮಾಡಿದೀವಿ, ಮೂರ್ ಜನ ಹೋದ್ರೆ ಹನ್ನೆರಡು. ಅದ್ರಲ್ಲಿ ನಮ್ ಮ್ಯಾನೇಜರ್ ಒಬ್ರು, ಅವ್ರನ್ನ ಮೂರೂ ಮ್ಯಾಚಿಂದ ಹೊರಗಿಡೋದು ಹೆಂಗೆ ಅಂತ ಬೇರೆ ಥ್ರೆಡ್ ಹಾಕ್ತೀನಿ.

ಕುಡ್ಲದ_ಗೋಲಿ
ಮ್ಯಾನೇಜರಿಗೆ ಈ ವಾರ ಹೆಚ್ಚು ಮೀಟಿಂಗ್, ಲೋಡ್ 1.75 ಆಗಿದೆ ಅಂತ ಹೇಳಿ ಮಾರಾಯ್ರೆ, ಎಕ್ಸೆಲ್ ಶೀಟ್ ಸಮೇತ.